ಟೋರಾದ ಬೆಳ್ಳಿ ಬೆರಳು, ಗೆಜ್ಜೆ, ಕಿರೀಟ: ಸಂಗ್ರಹಕಾರರ ಪ್ರಶ್ನೆಗಳಿಗೆ ಉತ್ತರ

ಹಳೇ ವಸ್ತುಗಳ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಯಹೂದಿಗಳು ತಮ್ಮ ಧರ್ಮಗ್ರಂಥ ಟೋರಾ ಓದುವಾಗ ಬಳಸೋ ಸಾಮಾನುಗಳ ಬಗ್ಗೆನೇ ಜಾಸ್ತಿ ಇದ್ವು, ಹಾಗಾಗಿ ನಾಣ್ಯ, ಗಡಿಯಾರದವರು ಸ್ವಲ್ಪ ತಾಳ್ಕೊಳ್ಳಿ, ಮುಂದಿನ ಸಲ ನಿಮ್ದೇ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ.

ಪ್ರಶ್ನೆ: ಹರಾಜಿನ ಕ್ಯಾಟಲಾಗ್ ಒಂದರಲ್ಲಿ ಬೆಳ್ಳಿ ಕಡ್ಡಿ ನೋಡ್ದೆ, ತುದಿಯಲ್ಲಿ ಪುಟಾಣಿ ಕೈ, ತೋರುಬೆರಳು ಮಾತ್ರ ಚಾಚಿದೆ. ಟೋರಾ ಪಾಯಿಂಟರ್ ಅಂತ ಬರೆದಿದ್ರು. ಇದರ ಕೆಲಸ ಏನು? ನಮ್ಮ ಬೆರಳಲ್ಲೇ ತೋರಿಸ್ಕೊಂಡು ಓದಿದ್ರೆ ಆಗಲ್ವಾ?

ಆಗಲ್ಲ, ಅದಕ್ಕೇ ಈ ಕಡ್ಡಿ. ಅದರ ಹೆಸರು ಯಾದ್. ಸಿನಗಾಗ್‌ನಲ್ಲಿ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಓದೋ ಟೋರಾ ಅಚ್ಚಾದ ಪುಸ್ತಕ ಅಲ್ಲ, ಪ್ರಾಣಿಯ ಚರ್ಮ ಹದ ಮಾಡಿ ಮಾಡಿದ ಹಾಳೆಗಳನ್ನ ಒಂದಕ್ಕೊಂದು ಹೊಲಿದು, ಲಿಪಿಕಾರ ಕೈಯಲ್ಲೇ ಬರೆದ ಉದ್ದನೆ ಸುರುಳಿ, ಅದರಲ್ಲಿ 3,04,805 ಅಕ್ಷರ ಇರತ್ತೆ ಅಂತ ಲೆಕ್ಕ. ಒಂದೇ ಒಂದು ಅಕ್ಷರ ಅಳಿಸಿ ಹೋದ್ರೂ ಅದನ್ನ ಸರಿ ಮಾಡಿಸೋವರೆಗೂ ಆ ಸುರುಳಿ ಸಿನಗಾಗ್ ಓದಿಗೆ ಬರಲ್ಲ. ಬರಿಗೈಯಲ್ಲಿ ಚರ್ಮದ ಹಾಳೆ ಮುಟ್ಟಬಾರದು ಅನ್ನೋ ನಿಯಮ ಯಹೂದಿಗಳ ಪ್ರಾಚೀನ ಶಾಸ್ತ್ರಗ್ರಂಥ ತಾಲ್ಮುದ್‌ನ ಕಾಲದಿಂದ ಇದೆ, ಬೆವರು ಎಣ್ಣೆ ತಾಗಿ ಶಾಯಿ ಏಳತ್ತೆ ಅನ್ನೋದು ಅದರ ಜೊತೆಗಿರೋ ವ್ಯಾವಹಾರಿಕ ಕಾರಣ. ಇನ್ನೊಂದು, ಆ ಬರಹದಲ್ಲಿ ಸ್ವರಚಿಹ್ನೆ ಇಲ್ಲ, ಅಲ್ಪವಿರಾಮ ಪೂರ್ಣವಿರಾಮ ಏನೂ ಇಲ್ಲ, ಎಲ್ಲರ ಮುಂದೆ ರಾಗವಾಗಿ ಓದ್ತಾ ಇರುವಾಗ ಸಾಲು ತಪ್ಪಿದ್ರೆ ಮತ್ತೆ ಹಿಡಿಯೋದು ಕಷ್ಟ. ಯಾದ್ ಇದ್ರೆ ಕಣ್ಣು ಅದರ ಹಿಂದೇನೇ ಹೋಗತ್ತೆ. ಅದನ್ನೂ ಹಾಳೆಗೆ ಉಜ್ಜಲ್ಲ, ಕೂದಲೆಳೆಯಷ್ಟು ಮೇಲೆ ಆಡಿಸ್ತಾರೆ.

ಶನಿವಾರ, ಸೋಮವಾರ, ಗುರುವಾರ, ಹಬ್ಬದ ದಿನ ಓದು ಇರತ್ತೆ. ಮುಗಿದ ಮೇಲೆ ಯುರೋಪಿನ ಅಶ್ಕೆನಾಜಿ ಪದ್ಧತಿಯಲ್ಲಿ ಸುರುಳಿಗೆ ಮೊದಲು ಬಟ್ಟೆಪಟ್ಟಿ ಕಟ್ತಾರೆ, ಮೇಲೆ ನಿಲುವಂಗಿ ಥರದ ಹೊದಿಕೆ, ಎದೆ ಮೇಲೆ ತಾಸ್ ಅನ್ನೋ ಬೆಳ್ಳಿ ಫಲಕ, ಸರಪಣಿಯಿಂದ ನೇತಾಡೋ ಯಾದ್, ಸುರುಳಿ ಸುತ್ತಿರೋ, ಮೇಲಕ್ಕೆ ಚಾಚಿರೋ ಎರಡು ಮರದ ಕೋಲಿನ ತುದಿಗೆ ರಿಮೋನಿಮ್ ಅನ್ನೋ ಗೆಜ್ಜೆ ಕಟ್ಟಿದ ಜೋಡಿ ಗೋಪುರ ಇಲ್ಲಾಂದ್ರೆ ಎರಡಕ್ಕೂ ಸೇರಿ ಒಂದು ಕಿರೀಟ. ಇಟಲಿಯವರು ಕಿರೀಟ ರಿಮೋನಿಮ್ ಎರಡೂ ಹಾಕ್ತಿದ್ರು, ಧಾರಾಳಿಗಳು. ತಾಸ್‌ನಲ್ಲಿ ಒಂದು ಚಿಕ್ಕ ಕಿಟಕಿ ಇರತ್ತೆ ನೋಡಿ, ಅದರೊಳಗೆ ಶಬ್ಬಾತ್ (ಶನಿವಾರದ ವಿಶ್ರಾಂತಿ ದಿನ), ಪೆಸಾಹ್ (ಒಂದು ಹಬ್ಬ) ಅಂತೆಲ್ಲ ಕೊರೆದಿರೋ ಪುಟ್ಟ ತಗಡು ಬದಲಾಯಿಸ್ತಾ ಇರಬಹುದು, ಯಾವ ಸುರುಳಿಯನ್ನ ಯಾವ ದಿನದ ಪಾಠಕ್ಕೆ ಸುತ್ತಿಟ್ಟಿದೆ ಅಂತ ಬಿಚ್ಚದೇನೇ ಗೊತ್ತಾಗಲಿ ಅಂತ. ಹಳೇ ತಾಸ್ ಜೊತೆ ಆ ತಗಡುಗಳ ಪೂರ್ತಿ ಸೆಟ್ ಉಳಿದಿರೋದು ಅಪರೂಪ, ಉಳಿದಿದ್ರೆ ಬೆಲೆ ಬೇರೇನೇ.

ಪ್ರಶ್ನೆ: ಸಂಗ್ರಹ ಶುರು ಮಾಡ್ಬೇಕು ಅಂತ ಆಸೆ. ಯಾವುದರಿಂದ ಶುರು ಮಾಡ್ಲಿ? ಬೆಳ್ಳೀನೇ ಆಗ್ಬೇಕಾ?

ಜಾಸ್ತಿ ಜನ ಯಾದ್‌ನಿಂದಾನೇ ಶುರು ಮಾಡೋದು. ಚಿಕ್ಕದು, ಡ್ರಾಯರ್‌ನಲ್ಲಿ ಹಿಡಿಸತ್ತೆ, 19ನೇ ಶತಮಾನದ ಪೋಲೆಂಡ್, ರಷ್ಯಾ, ಜರ್ಮನಿ, ಆಸ್ಟ್ರಿಯಾ ಕಡೆಯವು ಮಾರ್ಕೆಟ್‌ಗೆ ಬರ್ತಾ ಇರ್ತವೆ. ಬೆಳ್ಳೀನೇ ಆಗ್ಬೇಕು ಅಂತೇನಿಲ್ಲ, ಮರದ್ದು, ಮೂಳೆದು, ಹಿತ್ತಾಳೆದು ಎಲ್ಲಾ ಇದೆ, ಬಡ ಹಳ್ಳಿಯ ಸಿನಗಾಗ್‌ಗೆ ಯಾರೋ ಕೂತು ಚಾಕುವಲ್ಲಿ ಕೆತ್ತಿಕೊಟ್ಟ ಮರದ ಯಾದ್ ಮುಂದೆ ದೊಡ್ಡ ಕಾರ್ಖಾನೆಯ ಬೆಳ್ಳಿ ಯಾದ್ ನನಗೇನೋ ಸಪ್ಪೆ. ದಂತದ್ದು ಮಾತ್ರ ಬೇಡ. ಆನೆದಂತದ ವ್ಯಾಪಾರಕ್ಕೆ ಅಮೆರಿಕ 2016ರಲ್ಲಿ ಬಿಗಿ ಮಾಡ್ತು, ಬ್ರಿಟನ್ನಿನ 2018ರ ಕಾಯ್ದೆ 2022ರಿಂದ ಜಾರಿಯಲ್ಲಿದೆ, ಗಡಿ ದಾಟಿಸೋಕೆ ಹೋಗಿ ವಸ್ತು ಕಳ್ಕೊಳ್ತೀರ.

ರಿಮೋನಿಮ್‌ಗೆ ಮೊದಲೇ ಕೈ ಹಾಕ್ಬೇಡಿ. ಅದು ಜೋಡಿ, ಒಂದು ಕಳೆದುಹೋಗಿ ಇನ್ನೊಂದನ್ನ ಆಮೇಲೆ ಮಾಡಿಸಿರೋದು ತುಂಬಾ, ಗೆಜ್ಜೆಗಳಂತೂ ಅರ್ಧಕ್ಕರ್ಧ ಬದಲಾಗಿರತ್ತೆ. (ಗೆಜ್ಜೆ ಯಾಕೆ ಅಂತ ಒಬ್ಬರು ಕೇಳಿದ್ರು: ಬೈಬಲ್ಲಿನ ವಿಮೋಚನಕಾಂಡದಲ್ಲಿ ಮಹಾಯಾಜಕನ ಅಂಗಿಯ ಅಂಚಿಗೆ ಚಿನ್ನದ ಗೆಜ್ಜೆ, ದಾಳಿಂಬೆ ಇರ್ಬೇಕು ಅಂತ ಇದೆ, ಅದರ ನೆನಪು.) ಉಳಿದಿರೋದರಲ್ಲಿ ಅತಿ ಹಳೇ ಜೋಡಿ ಅಂತ ಹೇಳೋದು 15ನೇ ಶತಮಾನದ್ದು, ಸಿಸಿಲಿಯ ಕಮರಾತಾ ಊರಿನದು, ಈಗ ಇರೋದು ಮಯೋರ್ಕಾ ದ್ವೀಪದ ಪಾಲ್ಮಾ ಕ್ಯಾಥೆಡ್ರಲ್ ಚರ್ಚ್‌ನಲ್ಲಿ! ಸ್ಪೇನ್, ಸಿಸಿಲಿ ಎರಡೂ ಕಡೆಯಿಂದ 1492ರಲ್ಲಿ ಯಹೂದಿಗಳನ್ನ ಹೊರಗಟ್ಟಿದ ಮೇಲೆ ಆ ಬೆಳ್ಳಿ ಚರ್ಚ್ ಸೇರ್ತು, ಹೀಬ್ರೂ ಬರಹ ಇದ್ದ ಹಾಗೇ ಇದೆ.

ನನ್ನ ಕೇಳಿದ್ರೆ ಬಟ್ಟೆ ನೋಡಿ ಅಂತೀನಿ. ಜರ್ಮನ್ ಯಹೂದಿಗಳಲ್ಲಿ ವಿಂಪೆಲ್ ಅಂತ ಒಂದು ಪದ್ಧತಿ ಇತ್ತು. ಗಂಡುಮಗುವಿಗೆ ಸುನ್ನತಿ ಮಾಡುವಾಗ ಸುತ್ತಿದ್ದ ಲಿನನ್ ಬಟ್ಟೆ ಇರತ್ತಲ್ಲ, ಅದನ್ನ ಒಗೆದು, ನಾಲ್ಕು ಪಟ್ಟಿಯಾಗಿ ಕತ್ತರಿಸಿ, ಉದ್ದಕ್ಕೆ ಜೋಡಿಸಿ ಹೊಲಿದು, ಮೂರು ಮೀಟರ್ ಮೀರಿದ ಒಂದು ಪಟ್ಟಿ ಮಾಡ್ತಾರೆ, ಅದರ ಮೇಲೆ ಮಗುವಿನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಟೋರಾಗೆ, ಮದುವೆಯ ಚಪ್ಪರಕ್ಕೆ, ಒಳ್ಳೇ ಕೆಲಸಕ್ಕೆ ಬೆಳೀಲಿ ಅನ್ನೋ ಹಾರೈಕೆ, ಇದನ್ನ ಅಮ್ಮಾನೋ ಅಜ್ಜೀನೋ ಬಣ್ಣದ ದಾರದಲ್ಲಿ ಕಸೂತಿ ಹಾಕ್ತಾರೆ, ಇಲ್ಲಾ ಬಣ್ಣದಲ್ಲಿ ಬರೆಸ್ತಾರೆ. ಅಕ್ಷರದ ಒಳಗೇ ಹಕ್ಕಿ, ಮೀನು, ಆ ತಿಂಗಳ ರಾಶಿಯ ಚಿತ್ರ ತೂರಿಸಿರ್ತಾರೆ, ಚಪ್ಪರ ಅನ್ನೋ ಪದದ ಹತ್ತಿರ ಪುಟ್ಟ ಮದುಮಗ ಮದುಮಗಳು ನಿಂತಿರ್ತಾರೆ. ಮಗು ದೊಡ್ಡದಾಗಿ ಮೊದಲ ಸಲ ಸಿನಗಾಗ್‌ಗೆ ಬಂದಾಗ ಅದನ್ನ ಕೊಟ್ಟು, ಟೋರಾ ಸುರುಳಿಗೆ ಕಟ್ತಾರೆ. ನಾಲ್ಕು ತುಂಡು ಸೇರೋ ಜಾಗದ ಹೊಲಿಗೆ ಕೈಯಲ್ಲಿ ಮುಟ್ಟಿದ್ರೆ ಗೊತ್ತಾಗತ್ತೆ. ಒಂದೊಂದು ವಿಂಪೆಲ್ ಒಬ್ಬೊಬ್ಬ ಹುಡುಗನ ಜನನಪತ್ರ ಅಂತಾನೇ ಹೇಳಬಹುದು, ಹೆಸರು ತಾರೀಕು ಎರಡೂ ಇರೋದ್ರಿಂದ ಎಲ್ಲಿಯವನು ಏನಾದ ಅಂತ ಹುಡುಕೋಕೂ ದಾರಿ ಸಿಗತ್ತೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ರಷ್ಯಾದ ಬೆಳ್ಳಿ ಯಾದ್ ಒಂದು ನೋಡಿದೀನಿ, 84 ಅಂತ ಮುದ್ರೆ ಇದೆ, ಹೀಬ್ರೂನಲ್ಲಿ ಏನೋ ಕೊರೆದಿದೆ, 200 ವರ್ಷ ಹಳೇದು ಅಂತಾನೆ ಮಾರೋನು. ನಂಬಬಹುದಾ?

84 ಮುದ್ರೆ ಮಾತ್ರ ನೋಡಿ ಖಂಡಿತಾ ನಂಬ್ಬೇಡಿ, ಈ ಕ್ಷೇತ್ರದಲ್ಲಿ ಅತಿ ಹೆಚ್ಚು ನಕಲಾಗಿರೋ ಮುದ್ರೆ ಅದೇ ಇರಬೇಕು. 84 ಅಂದ್ರೆ ರಷ್ಯಾದ ಹಳೇ ತೂಕದ ಅಳತೆ ಜೊಲೊಟ್ನಿಕ್ ಲೆಕ್ಕ, 96ಕ್ಕೆ 84 ಪಾಲು ಬೆಳ್ಳಿ, ಸಾವಿರಕ್ಕೆ 875. ಆದ್ರೆ ಆ ಕಾಲದ ರಷ್ಯಾದ ಬೆಳ್ಳಿಯಲ್ಲಿ ಅದೊಂದೇ ಇರಲ್ಲ, ಪಟ್ಟಣದ ಲಾಂಛನ, ಪರೀಕ್ಷೆ ಮಾಡಿದವನ ಇನಿಶಿಯಲ್ಸ್ ಜೊತೆ ವರ್ಷ, ಅಕ್ಕಸಾಲಿಗನ ಮುದ್ರೆ, ಇವೆಲ್ಲ ಸಾಮಾನ್ಯವಾಗಿ ಒಟ್ಟಿಗೆ ಬರತ್ತೆ. ಕೊಕೊಶ್ನಿಕ್ ಅನ್ನೋ ತಲೆ ಉಡುಪು ತೊಟ್ಟ ಹೆಂಗಸಿನ ಮುಖ ಇದ್ರೆ ಅದು 19ನೇ ಶತಮಾನದ ಕೊನೇಲಿ ಬಂದ ಮುದ್ರೆ, ಅದನ್ನ ಇಟ್ಕೊಂಡು 200 ವರ್ಷ ಅಂದ್ರೆ ನಗು ಬರತ್ತೆ, ಹಳೇ ವಸ್ತುವಿಗೆ ಆಮೇಲೆ ಮತ್ತೆ ಪರೀಕ್ಷೆ ಮಾಡಿ ಒತ್ತಿರೋದು ಉಂಟು ನಿಜ, ಆದ್ರೆ ಅದನ್ನ ಸಾಬೀತು ಮಾಡೋ ಕೆಲಸ ಮಾರೋನದ್ದು, ನಿಮ್ದಲ್ಲ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಲೂಪ್ ಒಂದು ತಗೊಳ್ಳಿ. ನಿಜವಾದ ಮುದ್ರೆ ಉಕ್ಕಿನ ಅಚ್ಚಲ್ಲಿ ಹೊಡೆದಿರೋದು, ಅಂಚು ಚೂಪಾಗಿರತ್ತೆ, ತಗಡು ತೆಳು ಇದ್ರೆ ಹಿಂದುಗಡೆ ಸಣ್ಣ ಉಬ್ಬು ಕಾಣತ್ತೆ. ನಕಲಿಯಲ್ಲಿ ಇಡೀ ವಸ್ತುವನ್ನೇ ಹಳೇದರ ಮೇಲೆ ಅಚ್ಚು ತೆಗೆದು ಎರಕ ಹೊಯ್ದಿರ್ತಾರೆ, ಮುದ್ರೆನೂ ಜೊತೆಗೇ ಎರಕ ಆಗಿರೋದ್ರಿಂದ ಅಂಚು ಮೊಂಡಾಗಿ, ಒಳಗೆ ಸೂಜಿಮೊನೆ ಗಾತ್ರದ ಗುಳಿಗಳು ಬಿದ್ದಿರತ್ತೆ. ಆಮೇಲೆ ಮಣಿಕಟ್ಟು ನೋಡಿ, ಕೈ ಕೋಲಿಗೆ ಸೇರೋ ಜಾಗ. ಹಳೇ ಕೊಡೆ ಹಿಡಿಕೆ, ಚಾಕು ಹಿಡಿಕೆ ತಗೊಂಡು ತುದಿಗೆ ಹೊಸ ಕೈ ಬೆಸೆದು ಯಾದ್ ಅಂತ ಮಾರೋರು ಇದಾರೆ, ಬೆಸುಗೆಯ ಬಣ್ಣ ಸುತ್ತಲಿನ ಬೆಳ್ಳಿಗಿಂತ ಬೇರೆ ಇರತ್ತೆ, ಕಪ್ಪು ಹಿಡಿದಿರೋದು ಒಂದು ಕಡೆ ಒಂಥರಾ ಇನ್ನೊಂದು ಕಡೆ ಒಂಥರಾ. ಸವೆತ ಎಲ್ಲಿದೆ ಅಂತಾನೂ ನೋಡಿ. ನೂರಾರು ವರ್ಷ ಬಳಸಿದ ಯಾದ್ ಸವೆಯೋದು ಹಿಡ್ಕೊಳ್ಳೋ ಗುಂಡು ಹತ್ತಿರ, ಸರಪಣಿ ಬಳೆ ಉಜ್ಜೋ ರಂಧ್ರದ ಒಳಗೆ, ಆ ರಂಧ್ರ ಒಂದು ಪಕ್ಕಕ್ಕೆ ಎಳೆದು ಮೊಟ್ಟೆ ಆಕಾರ ಆಗಿರತ್ತೆ. ಉಗುರಿನ ಗೆರೆ ಪೂರ್ತಿ ಸವೆದು ರಂಧ್ರ ಮಾತ್ರ ಹೊಸದರ ಥರ ದುಂಡಗಿದ್ರೆ, ಯಾರೋ ಮರಳು ಕಾಗದ ಹಿಡಿದು ವಯಸ್ಸು ತಂದಿದಾರೆ ಅಂತಾನೇ ಅನುಮಾನ ಪಡಬೇಕು.

ಹೀಬ್ರೂ ಬರಹ ಓದಕ್ಕೆ ಬರದಿದ್ರೂ ವರ್ಷ ಲೆಕ್ಕ ಹಾಕೋದು ಕಲೀರಿ, ದೊಡ್ಡ ವಿದ್ಯೆ ಏನಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ತಾವ್ 400, ಕೋಫ್ 100, ತ್ಸಾದಿ 90, ಹೇತ್ 8 ಅಂತ ಇದ್ರೆ ಒಟ್ಟು 598, ಸಾವಿರದ ಅಂಕಿಯನ್ನ ಸಾಮಾನ್ಯವಾಗಿ ಬರೆಯಲ್ಲ, ಇದಕ್ಕೆ 1240 ಕೂಡಿಸಿದ್ರೆ 1838. ಅವರ ವರ್ಷ ಶುರುವಾಗೋದು ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ಹಾಗಾಗಿ 1837ರ ಕೊನೆಯ ತಿಂಗಳುಗಳೂ ಅದರಲ್ಲೇ ಬರತ್ತೆ. ಕೆಲವು ಸಲ ವರ್ಷವನ್ನ ನೇರವಾಗಿ ಬರೆಯದೆ ಒಂದು ಬೈಬಲ್ ವಾಕ್ಯ ಕೊರೆದು, ಅದರಲ್ಲಿ ಬೇಕಾದ ಅಕ್ಷರಗಳ ಮೇಲೆ ಮಾತ್ರ ಚುಕ್ಕಿ ಇಟ್ಟಿರ್ತಾರೆ, ಆ ಚುಕ್ಕಿ ಅಕ್ಷರಗಳನ್ನ ಕೂಡಿಸ್ಬೇಕು. ನಕಲಿ ಮಾಡೋರು ಚುಕ್ಕಿಯನ್ನ ಅಲಂಕಾರ ಅಂದ್ಕೊಂಡು ಎಲ್ಲಾ ಕಡೆ ಹಾಕಿರೋದೂ ಉಂಟು, ಕೂಡಿಸಿದ್ರೆ ಇನ್ನೂ ಹುಟ್ಟದ ವರ್ಷ ಬರತ್ತೆ.

ಆದ್ರೆ ಒಂದು ಮಾತು, ಹೀಬ್ರೂ ತಪ್ಪಾಗಿದೆ ಅಂದ ಮಾತ್ರಕ್ಕೆ ನಕಲಿ ಅಂತ ಎಸೀಬೇಡಿ. ಜರ್ಮನಿಯ ಊರುಗಳಲ್ಲಿ ಅಕ್ಕಸಾಲಿಗರ ಸಂಘಕ್ಕೆ ಯಹೂದಿಗಳನ್ನ ಸೇರಿಸ್ಕೊಳ್ತಾ ಇರಲಿಲ್ಲ, ನ್ಯೂರೆಂಬರ್ಗ್ ಅಂತೂ 1499ರಲ್ಲಿ ಯಹೂದಿಗಳನ್ನ ಊರಿಂದಾನೇ ಓಡಿಸಿತ್ತು, ಆದ್ರೂ ಸಿನಗಾಗ್‌ಗಳ ಒಳ್ಳೇ ಬೆಳ್ಳಿ ಎಷ್ಟೋ ಬಂದಿರೋದು ಅಲ್ಲಿಂದ, ಪಕ್ಕದ ಔಗ್ಸ್‌ಬರ್ಗ್‌ನಿಂದ. ಮಾಡಿದವರು ಕ್ರೈಸ್ತ ಅಕ್ಕಸಾಲಿಗರು, ಕಾಗದದಲ್ಲಿ ಬರೆದುಕೊಟ್ಟ ಅಕ್ಷರ ನೋಡ್ಕೊಂಡು ಕೊರೆದವರು, ನೋಡೋಕೆ ಒಂದೇ ಥರ ಇರೋ ಹೀಬ್ರೂ ಅಕ್ಷರಗಳಲ್ಲಿ ದಾಲೆತ್ ಬದಲು ರೇಶ್ ಆಗೋದು ಅವರ ಕೈಯಲ್ಲೂ ಆಗ್ತಿತ್ತು. ಔಗ್ಸ್‌ಬರ್ಗ್ ಆದ್ರೆ ಪೈನ್ ಕಾಯಿಯ ಮುದ್ರೆ ನೋಡಿ, ನ್ಯೂರೆಂಬರ್ಗ್ ಆದ್ರೆ ಎನ್ ಅಕ್ಷರ, 1888ರ ನಂತರದ ಜರ್ಮನ್ ಬೆಳ್ಳಿಗೆ ಅರ್ಧಚಂದ್ರ ಕಿರೀಟ ಜೊತೆಗೆ 800 ಅಂತ ಸಂಖ್ಯೆ, ಇಂಗ್ಲೆಂಡಿನದಾದ್ರೆ ನಡೆಯೋ ಸಿಂಹ, ವರ್ಷ ಹೇಳೋ ಒಂದು ಅಕ್ಷರ.

ಪ್ರಶ್ನೆ: ದುಡ್ಡು ಕೊಟ್ಟು, ಬಿಲ್ ತಗೊಂಡು ಕೊಂಡಿದೀನಿ ಅಂದ್ಮೇಲೆ ವಸ್ತು ನಂದೇ ತಾನೆ? ಹಿಂದೆ ಯಾರದ್ದಾಗಿತ್ತು ಅಂತ ಯಾಕೆ ಕೆದಕಬೇಕು?

ಬೇರೆ ಯಾವ ಹಳೇ ಬೆಳ್ಳಿಗೆ ಈ ಪ್ರಶ್ನೆ ಕೇಳಿದ್ರೂ ಅರ್ಧ ಪುಟದಲ್ಲಿ ಮುಗಿಸ್ತಿದ್ದೆ, ಇದಕ್ಕೆ ಆಗಲ್ಲ. ಟೋರಾದ ಬೆಳ್ಳಿ ಜಾಸ್ತಿ ಒಬ್ಬ ಮನುಷ್ಯನ ಆಸ್ತಿ ಅಲ್ಲ, ಒಂದು ಊರಿನ ಸಿನಗಾಗ್‌ದು, ಯಾರೋ ತೀರಿಹೋದವರ ಹೆಸರಲ್ಲಿ ದಾನ ಕೊಟ್ಟಿದ್ದು. ಆ ಊರಿನ ಯಹೂದಿಗಳು ಈಗ ಇಲ್ಲ. ಯಾಕಿಲ್ಲ ಅಂತ ನಿಮಗೂ ಗೊತ್ತು. 1938ರ ನವೆಂಬರ್ 9, 10ರ ರಾತ್ರಿ ಜರ್ಮನಿ, ಆಸ್ಟ್ರಿಯಾದಲ್ಲಿ ನಾಜಿಗಳು ನೂರಾರು ಸಿನಗಾಗ್ ಸುಟ್ರು, ಒಳಗಿದ್ದ ಬೆಳ್ಳಿ ಎಷ್ಟು ಕರಗ್ತೋ ಎಷ್ಟು ಯಾರ ಜೇಬಿಗೆ ಹೋಯ್ತೋ. 1939ರ ಫೆಬ್ರವರಿಯಲ್ಲಿ ಯಹೂದಿಗಳು ತಮ್ಮ ಹತ್ತಿರ ಇರೋ ಚಿನ್ನ ಬೆಳ್ಳಿ ತಂದು ಒಪ್ಪಿಸ್ಬೇಕು ಅಂತ ಆದೇಶಾನೇ ಬಂತು. ಈಗಿನ ಚೆಕ್ ದೇಶದ ಬೊಹೀಮಿಯಾ, ಮೊರಾವಿಯಾ ಪ್ರಾಂತ್ಯಗಳ ಸಿನಗಾಗ್‌ಗಳ ಸಾಮಾನನ್ನ 1942ರಲ್ಲಿ ಪ್ರಾಗ್‌ನ ಯಹೂದಿ ಮ್ಯೂಸಿಯಂಗೆ ತಂದು ಗುಡ್ಡೆ ಹಾಕಿದ್ರು, ಅಲ್ಲಿ ಕೂತು ಒಂದೊಂದಕ್ಕೂ ಕಾರ್ಡ್ ಬರೆದವರು ಯಹೂದಿ ಸಿಬ್ಬಂದಿ, ಅವರಲ್ಲಿ ಹೆಚ್ಚಿನವರನ್ನ ಆಮೇಲೆ ಸಾಗಿಸಿ ಕೊಂದ್ರು. ಆ ಕಾರ್ಡುಗಳಿಂದಾನೇ ಇವತ್ತು ಯಾವ ಯಾದ್ ಯಾವ ಊರಿನದು ಅಂತ ಗೊತ್ತಾಗ್ತಿರೋದು. ಅದೇ ಪ್ರಾಗ್‌ನಿಂದ 1564 ಟೋರಾ ಸುರುಳಿಗಳು 1964ರಲ್ಲಿ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಸಿನಗಾಗ್ ಸೇರಿದ್ವು.

ಡಾನ್ಜಿಗ್‌ನ (ಈಗಿನ ಪೋಲೆಂಡಿನ ಗ್ಡಾನ್ಸ್ಕ್ ಊರು) ಯಹೂದಿಗಳು ಮೊದಲೇ ಎಚ್ಚೆತ್ರು. 1939ರಲ್ಲಿ ತಮ್ಮ ಸಿನಗಾಗ್ ಬೆಳ್ಳಿಯನ್ನೆಲ್ಲ ನ್ಯೂಯಾರ್ಕ್‌ಗೆ ಹಡಗಲ್ಲಿ ಕಳಿಸಿದ್ರು, 15 ವರ್ಷದೊಳಗೆ ಡಾನ್ಜಿಗ್‌ನಲ್ಲಿ ಮತ್ತೆ ಯಹೂದಿಗಳು ಸ್ವತಂತ್ರವಾಗಿ ಬಾಳೋ ಹಾಗಾದ್ರೆ ವಾಪಸ್ ಕೊಡಿ, ಇಲ್ಲಾಂದ್ರೆ ಅಲ್ಲೇ ಇರಲಿ ಅಂತ ಷರತ್ತು ಹಾಕಿ. ಅಲ್ಲೇ ಉಳೀತು, ಈಗ ನ್ಯೂಯಾರ್ಕ್‌ನ ಜ್ಯೂಯಿಶ್ ಮ್ಯೂಸಿಯಂನಲ್ಲಿದೆ.

ಯುದ್ಧ ಮುಗಿದ ಮೇಲೆ ವಾರಸುದಾರರೇ ಇಲ್ಲದ ವಸ್ತುಗಳನ್ನ ಹಂಚೋಕೆ ಜ್ಯೂಯಿಶ್ ಕಲ್ಚರಲ್ ರೀಕನ್‌ಸ್ಟ್ರಕ್ಷನ್ ಅನ್ನೋ ಸಂಸ್ಥೆ ಮಾಡಿದ್ರು, ತತ್ವಚಿಂತಕಿ ಹನ್ನಾ ಅರೆಂಟ್ ಅದರ ಕಾರ್ಯದರ್ಶಿಯಾಗಿದ್ರು. ಅವರು ಹಂಚಿದ ವಸ್ತುಗಳಿಗೆ ಜೆಸಿಆರ್ ಅಂತ ಇರೋ ಚಿಕ್ಕ ಲೋಹದ ಬಿಲ್ಲೆ ಹಾಕಿರ್ತಾರೆ. ಅಂಥ ಬಿಲ್ಲೆ ಕಂಡ್ರೆ ಕೆಲವರು ಖುಷಿಪಡ್ತಾರೆ, ನೋಡಿ ದಾಖಲೆ ಸಿಕ್ತು ಅಂತ. ಖುಷಿ ಸರಿ, ಆದ್ರೆ ಅವರು ಕೊಟ್ಟಿದ್ದು ಮ್ಯೂಸಿಯಂಗೆ, ಸಿನಗಾಗ್‌ಗೆ. ಅಲ್ಲಿಂದ ಅಂಗಡಿಗೆ ಹೇಗೆ ಬಂತು, ಅದನ್ನ ಕೇಳಿ.

ಕಾನೂನಿನ ಕಡೆಗೆ ಬಂದ್ರೆ 1998ರ ವಾಷಿಂಗ್ಟನ್ ತತ್ವಗಳು ನಾಜಿಗಳು ದೋಚಿದ ಕಲಾಕೃತಿಗಳ ಬಗ್ಗೆ, 2009ರ ಟೆರೆಜಿನ್ ಘೋಷಣೆಯಲ್ಲಿ ಯಹೂದಿ ಧಾರ್ಮಿಕ ವಸ್ತುಗಳ ಹೆಸರನ್ನೇ ಹೇಳಿದಾರೆ. ಇವೆರಡೂ ಹಲವು ದೇಶಗಳು ಸೇರಿ ಒಪ್ಪಿಕೊಂಡ ಮಾತು, ಕಾಯ್ದೆ ಅಲ್ಲ. ಹಾಗಂತ ಖಾಸಗಿಯವರಿಗೆ ಏನೂ ಆಗಲ್ಲ ಅಂದ್ಕೋಬೇಡಿ, 2021ರಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಿಗೆ ಬಂದಿದ್ದ ರೊಮೇನಿಯಾ, ಹಂಗೆರಿ, ಉಕ್ರೇನ್, ಸ್ಲೊವಾಕಿಯಾದ ಯಹೂದಿ ಸಮುದಾಯಗಳ 17 ಹಸ್ತಪ್ರತಿ, ಸುರುಳಿಗಳನ್ನ ಅಮೆರಿಕದ ಸರ್ಕಾರ ಮುಟ್ಟುಗೋಲು ಹಾಕ್ಕೊಂಡಿತು. ಕೊಂಡೋರ ಹತ್ತಿರ ಬಿಲ್ ಇದ್ದಿದ್ರೂ ಏನು ಉಪಯೋಗ ಇರ್ತಿತ್ತು? ಕಳ್ಳಮಾಲಿಗೆ ಬಿಲ್ ಹಾಕಿದ್ರೆ ಅದು ಒಳ್ಳೇ ಮಾಲಾಗಲ್ಲ.

ಆದ್ದರಿಂದ ಬೆಲೆ ಕೇಳೋ ಮೊದಲು ನಾಜಿಗಳ ಕಾಲದಲ್ಲಿ, 1933ರಿಂದ 1945ರವರೆಗೆ, ಇದು ಎಲ್ಲಿತ್ತು ಅಂತ ಕೇಳಿ. ವಸ್ತುವಿನ ಮೇಲೆ ಊರಿನ ಹೆಸರು ಇದ್ರೆ ಇನ್ನೂ ಬಿಗಿಯಾಗಿ ಕೇಳಿ. ಜೆರುಸಲೇಮ್‌ನ ಹೀಬ್ರೂ ವಿಶ್ವವಿದ್ಯಾಲಯದ ಸೆಂಟರ್ ಫಾರ್ ಜ್ಯೂಯಿಶ್ ಆರ್ಟ್ ಮಾಡಿರೋ ಚಿತ್ರ ಸೂಚಿ ಆನ್‌ಲೈನ್‌ನಲ್ಲಿದೆ, ಅದರಲ್ಲಿ ಹುಡುಕಿ. ಕೊರೆದಿದ್ದ ಸಾಲನ್ನ ಉಜ್ಜಿ ತೆಗೆದ ಗುರುತು, ಆ ಜಾಗದಲ್ಲಿ ತಗಡು ಮಾತ್ರ ತೆಳು, ಅಂಥದ್ದು ಕಂಡ್ರೆ ಎಷ್ಟೇ ಚೆನ್ನಾಗಿದ್ರೂ ಕೆಳಗಿಟ್ಟು ಬನ್ನಿ.

ಪ್ರಶ್ನೆ: ಸಿನಗಾಗ್‌ನವರೇ ತಮ್ಮ ಟೋರಾ ಬೆಳ್ಳಿ ಮಾರಬಹುದಾ?

ಮಾರಬಹುದು, ಆದ್ರೆ ಮೆಟ್ಟಿಲು ಇಳಿಯೋ ಹಾಗಿಲ್ಲ. ಯಹೂದಿಗಳ ಪ್ರಾಚೀನ ಧರ್ಮನಿಯಮಗಳ ಗ್ರಂಥ ಮಿಶ್ನಾದಲ್ಲಿ ಕ್ರಮ ಇದೆ: ಊರಿನ ಚೌಕ ಮಾರಿದ ದುಡ್ಡಲ್ಲಿ ಸಿನಗಾಗ್ ಕೊಳ್ಳಬಹುದು, ಸಿನಗಾಗ್ ಮಾರಿ ಟೋರಾ ಇಡೋ ಪೆಟ್ಟಿಗೆ, ಪೆಟ್ಟಿಗೆ ಮಾರಿ ಹೊದಿಕೆ, ಹೊದಿಕೆ ಮಾರಿ ಪವಿತ್ರ ಪುಸ್ತಕ, ಪುಸ್ತಕ ಮಾರಿ ಟೋರಾ. ಉಲ್ಟಾ ಆಗಲ್ಲ.

ಇವತ್ತಿನ ಕಾಲದಲ್ಲಿ ಎಷ್ಟು ಜಟಿಲ ಆಗತ್ತೆ ಅನ್ನೋದಕ್ಕೆ ಅಮೆರಿಕದ ನ್ಯೂಪೋರ್ಟ್ ಕೇಸ್ ನೋಡಿ. 18ನೇ ಶತಮಾನದ ನ್ಯೂಯಾರ್ಕ್‌ನ ಯಹೂದಿ ಅಕ್ಕಸಾಲಿಗ ಮೈಯರ್ ಮೈಯರ್ಸ್ ಮಾಡಿದ ರಿಮೋನಿಮ್ ಜೋಡಿಯನ್ನ ಟೂರೋ ಸಿನಗಾಗ್‌ನ ಸಭೆಯವರು ಬಾಸ್ಟನ್ ಫೈನ್ ಆರ್ಟ್ಸ್ ಮ್ಯೂಸಿಯಂಗೆ 74 ಲಕ್ಷ ಡಾಲರ್‌ಗೆ ಮಾರೋಕೆ ಹೊರಟ್ರು, ಸಿನಗಾಗ್ ನಡೆಸೋಕೆ ದುಡ್ಡಿರಲಿಲ್ಲ. ನ್ಯೂಯಾರ್ಕ್‌ನ ಶೆರಿತ್ ಇಸ್ರಾಯೆಲ್ ಸಭೆ ಅದು ನಮ್ಮ ಆಸ್ತಿ ಅಂತ ಕೋರ್ಟಿಗೆ ಹೋಯ್ತು. 2016ರಲ್ಲಿ ನ್ಯೂಪೋರ್ಟ್‌ನವರು ಗೆದ್ರು, 2017ರಲ್ಲಿ ಮೇಲ್ಮನವಿ ಕೋರ್ಟ್ ತಿರುಗಿಸಿ ನ್ಯೂಯಾರ್ಕ್‌ನವರಿಗೆ ಕೊಡ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಕೇಸ್ ತಗೊಳ್ಳಲ್ಲ ಅಂತು. ಮ್ಯೂಸಿಯಂ ಯಾವತ್ತೋ ಕೈತೊಳ್ಕೊಂಡಿತ್ತು. ಮಾರೋ ಸಭೆಯೇ ಮಾಲೀಕರಾ ಅಂತ ಎರಡು ಶತಮಾನ ಹಿಂದಿನ ಕಾಗದ ತೆಗೆದು ನೋಡ್ಬೇಕಾಗತ್ತೆ, ಅದಕ್ಕೇ ಹೇಳಿದ್ದು.

ಪ್ರಶ್ನೆ: ಕೊಚ್ಚಿಯ ಸಿನಗಾಗ್‌ನಲ್ಲಿ ಟೋರಾ ಬೇರೆ ಥರ ಇಡ್ತಾರಂತೆ, ಹೌದಾ? ಅಲ್ಲಿಯ ವಸ್ತು ಕೊಳ್ಳೋಕೆ ಸಿಗತ್ತಾ?

ಹೌದು. ಇರಾಕ್, ಇರಾನ್, ಕೊಚ್ಚಿ ಕಡೆಯವರದ್ದು ಬಟ್ಟೆ ಹೊದಿಕೆ ಅಲ್ಲ, ತೀಕ್ ಅನ್ನೋ ಗಟ್ಟಿ ಸಂಪುಟ, ಮರದ ಮೇಲೆ ಬೆಳ್ಳಿ ಇಲ್ಲಾ ಬೇರೆ ಲೋಹದ ತಗಡು ಹೊದಿಸಿರ್ತಾರೆ, ಮೇಜಿನ ಮೇಲೆ ನಿಲ್ಲಿಸಿ ಬಾಗಿಲ ಹಾಗೆ ತೆಗೆದು ಸುರುಳಿ ನಿಂತ ಹಾಗೇ ಓದೋದು. ಕೇರಳದ ಸಿನಗಾಗ್‌ಗಳಲ್ಲಿ ಮೇಲಂತಸ್ತಿನಲ್ಲಿ ಎರಡನೇ ಓದುವೇದಿಕೆ ಇರತ್ತೆ, ಬೇರೆ ಎಲ್ಲೂ ಹಾಗಿಲ್ಲ ಅಂತಾರೆ. 1568ರ ಪರದೇಶಿ ಸಿನಗಾಗ್‌ಗೆ ತಿರುವಾಂಕೂರು ಮಹಾರಾಜರು 1805ರಲ್ಲಿ ಟೋರಾಗೆ ಚಿನ್ನದ ಕಿರೀಟ ಕೊಟ್ಟಿದ್ದು ಪ್ರಸಿದ್ಧ. ಕೊಳ್ಳೋ ಯೋಚನೆ ಬಿಡಿ. ಇಸ್ರೇಲ್‌ಗೆ ಹೋದವರು ತಗೊಂಡು ಹೋದ್ರು, ಉಳಿದದ್ದು ಸಿನಗಾಗ್‌ನವರದ್ದು, ಜೊತೆಗೆ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತುವನ್ನ ಖಾಸಗಿಯವರು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಕೊಚ್ಚಿ ತೀಕ್ ಅಂತ ಯಾರಾದ್ರೂ ಹೊರದೇಶದಲ್ಲಿ ಮಾರ್ತಾ ಇದ್ರೆ ಯಾವಾಗ ಹೇಗೆ ಹೊರಗೆ ಬಂತು ಅಂತ ಕಾಗದ ತೋರಿಸಲಿ.

ಪ್ರಶ್ನೆ: ಯಾದ್ ಕಪ್ಪಾಗಿದೆ. ಪಾಲಿಶ್ ಮಾಡ್ಲಾ?

ಬೇಡ. ಪ್ರತಿ ಪಾಲಿಶ್‌ಗೂ ಸ್ವಲ್ಪ ಬೆಳ್ಳಿ ಹೋಗತ್ತೆ, ಕೊರೆದ ಅಕ್ಷರ ಸವೆಯತ್ತೆ, ಚಿನ್ನದ ನೀರು ಹಾಕಿದ ಭಾಗ ಇದ್ರೆ ಅದಂತೂ ಮತ್ತೆ ಬರಲ್ಲ. ಅದ್ದಿ ತೆಗೆಯೋ ದ್ರಾವಣ ಮುಟ್ಟಲೇಬೇಡಿ, ಟೊಳ್ಳು ಕೋಲಿನ ಒಳಗೆ ಸೇರ್ಕೊಂಡು ಆಮೇಲೆ ಒಳಗಿಂದಾನೇ ತಿನ್ನತ್ತೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಆಮ್ಲ ಇಲ್ಲದ ತೆಳು ಕಾಗದದಲ್ಲಿ ಸುತ್ತಿಡಿ. ರಬ್ಬರ್ ಬ್ಯಾಂಡ್ ಹಾಕಿದ್ರೆ ಅದರಲ್ಲಿರೋ ಗಂಧಕಕ್ಕೆ ಕರೀ ಪಟ್ಟೆ ಬೀಳತ್ತೆ. ಉಣ್ಣೆ ಬಟ್ಟೆನೂ ಅಷ್ಟೇ.

ಪ್ರಶ್ನೆ: ಫ್ರೇಮ್ ಹಾಕಿದ ಹಳೇ ಟೋರಾ ಹಾಳೆ ಒಂದೇ ಒಂದು ಮಾರಾಟಕ್ಕಿದೆ. ಸಂಗ್ರಹಕ್ಕೆ ತಗೊಳ್ಳಲಾ?

ಅದು ಯಾವುದೋ ಪೂರ್ತಿ ಸುರುಳಿಯನ್ನ ಹೊಲಿಗೆ ಬಿಚ್ಚಿಯೋ ಕತ್ತರಿಸಿಯೋ ಬಿಡಿ ಬಿಡಿಯಾಗಿ ಮಾರ್ತಿರೋದು, ಹಾಗೆ ಮಾರಿದ್ರೆ ಲಾಭ ಜಾಸ್ತಿ ನೋಡಿ. ಓದಿಗೆ ಬಾರದಷ್ಟು ಹಾಳಾದ ಸುರುಳಿಯನ್ನ ಯಹೂದಿಗಳು ಗೌರವದಿಂದ ಮಣ್ಣು ಮಾಡ್ತಾರೆ, ಗೋಡೆಗೆ ಹಾಕಲ್ಲ. ಹಾಳೆಯ ಅಂಚಿನಲ್ಲಿ ಹೊಲಿಗೆಯ ತೂತುಗಳಿವೆಯಾ, ಇಲ್ಲಾ ಕತ್ತರಿಯ ನೇರ ಗೆರೆಯಾ ನೋಡಿ. ನೇರ ಗೆರೆ ಇದ್ರೆ ಹೊಲಿಗೆ ಬಿಚ್ಚದೆ ಕತ್ತರಿಸಿರಬಹುದು ಅಂತ ಅರ್ಥ, ನಾನಾದ್ರೆ ಅದಕ್ಕೆ ಒಂದು ಪೈಸೆನೂ ಕೊಡಲ್ಲ. ಈಗಾಗ್ಲೇ ತಗೊಂಡಿದ್ರೆ ಹತ್ತಿರದ ಯಾವುದಾದ್ರೂ ಸಿನಗಾಗ್‌ಗೆ ಒಂದು ಪತ್ರ ಬರೀರಿ, ಏನು ಮಾಡ್ಬೇಕು ಅಂತ ಅವರೇ ಹೇಳ್ತಾರೆ.